ಕರೆಂಟ್ ಹೋದರೂ ಮೀಟಿಂಗ್ ಕಡಿಯಬಾರದು: ರೂಟರ್‌ನ ಮಿನಿ ಯುಪಿಎಸ್, ಕೊಳ್ಳುವ ಮುನ್ನ ಮತ್ತು ಕೊಂಡ ಮೇಲೆ

ಊರಿನ ಮನೆಯಲ್ಲಿ ಕೂತು ಬೆಂಗಳೂರಿನ ಆಫೀಸಿನ ಕೆಲಸ ಮಾಡುವವರಿಗೆ ಕರೆಂಟ್ ಹೋಗುವುದಕ್ಕಿಂತ, ಅದರ ಜೊತೆಗೆ ನೆಟ್ ಹೋಗುವುದೇ ದೊಡ್ಡ ತೊಂದರೆ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆ, ಮೂರು ನಾಲ್ಕು ಗಂಟೆ ತಳ್ಳುತ್ತದೆ. ಗೋಡೆಗೆ ಹೊಡೆದಿರುವ ಫೈಬರ್ ಮೋಡೆಮ್ಮಿಗೆ, ಅಂದರೆ ಓಎನ್‌ಟಿಗೆ, ಅದಿಲ್ಲ. ಅರ್ಧ ಸೆಕೆಂಡು ಕರೆಂಟ್ ಮಿಣುಕಿದರೂ ಸಾಕು, ಅದು ಆರಿ, ಮತ್ತೆ ಹೊತ್ತಿಕೊಂಡು, ಎಕ್ಸ್‌ಚೇಂಜಿನ ಯಂತ್ರದಲ್ಲಿ ಹೆಸರು ನೋಂದಾಯಿಸಿ, ಐಪಿ ಪಡೆದು, ವೈಫೈ ಎಬ್ಬಿಸುವಷ್ಟರಲ್ಲಿ ಎರಡು ಮೂರು ನಿಮಿಷ ಕಳೆದಿರುತ್ತದೆ. ಅಷ್ಟರಲ್ಲಿ ವಿಪಿಎನ್ ಬಿದ್ದಿರುತ್ತದೆ, ಒಟಿಪಿ ಮತ್ತೆ ಕೇಳುತ್ತದೆ, ಮೀಟಿಂಗ್‌ನಲ್ಲಿ ನಿಮ್ಮ ಸರದಿ ದಾಟಿಹೋಗಿರುತ್ತದೆ. ದಿನಕ್ಕೆ ನಾಲ್ಕೈದು ಸಲ ಹೀಗಾಗುವ ಊರುಗಳು ಮಲೆನಾಡಿನಲ್ಲೂ ಕರಾವಳಿಯಲ್ಲೂ ಬಯಲುಸೀಮೆಯಲ್ಲೂ ಬೇಕಾದಷ್ಟಿವೆ.

ಇದಕ್ಕೆ ಪೇಟೆಯಲ್ಲಿ ಸಿಗುವ ಸುಲಭದ ಪರಿಹಾರ ಮಿನಿ ಯುಪಿಎಸ್. ಅಂಗೈಯಗಲದ ಡಬ್ಬಿ, ಒಳಗೆ ಎರಡರಿಂದ ನಾಲ್ಕು ಲಿಥಿಯಂ ಸೆಲ್ಲು, ಒಂದು ಬೋರ್ಡು. ರೂಟರ್‌ನ ಅಡಾಪ್ಟರ್ ಪಿನ್ನನ್ನು ಡಬ್ಬಿಗೆ ಚುಚ್ಚಬೇಕು, ಡಬ್ಬಿಯಿಂದ ಹೊರಟ ವೈರನ್ನು ರೂಟರ್‌ಗೆ. ಅಷ್ಟೇ. 230 ವೋಲ್ಟಿನ ಎಸಿಯನ್ನು ಇದು ಮುಟ್ಟುವುದೇ ಇಲ್ಲ, 12 ವೋಲ್ಟ್ ಡಿಸಿ ಒಳಕ್ಕೆ, 12 ವೋಲ್ಟ್ ಡಿಸಿ ಹೊರಕ್ಕೆ. ಬೆಂಗಳೂರಿನದೇ ಕಂಪನಿಯಾದ ರೆಸೊನೇಟ್‌ನ ರೂಟರ್‌ಯುಪಿಎಸ್, ಓಕ್ಟರ್‌ನ ಮಿನಿ ಯುಪಿಎಸ್ ಈ ಪೈಕಿ ಹೆಸರಾದವು. ಹೆಸರಿಲ್ಲದ ಬಿಳಿ ಡಬ್ಬಿಗಳಿಗಂತೂ ಲೆಕ್ಕವಿಲ್ಲ. ಬೆಲೆ ಸುಮಾರು ಸಾವಿರದಿಂದ ಎರಡು ಸಾವಿರ ರೂಪಾಯಿ.

ಮನೆಯನ್ನೇ ಆಫೀಸು ಮಾಡಿಕೊಂಡವರು ಒಳ್ಳೆಯ ಕುರ್ಚಿ, ಎರಡನೇ ಮಾನಿಟರ್ ಇವುಗಳಿಗಿಂತ ಮೊದಲು ಕೊಳ್ಳಬೇಕಾದ ವಸ್ತು ಇದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಆದರೆ ಒಂದು ಷರತ್ತಿದೆ. ಮನೆಯಾಚೆಯ ಲೈನು ಕರೆಂಟಿಲ್ಲದಾಗಲೂ ಜೀವಂತವಾಗಿರಬೇಕು. ಅದಿಲ್ಲದಿದ್ದರೆ ಎಷ್ಟು ದುಡ್ಡಿನ ಡಬ್ಬಿ ತಂದರೂ ದಂಡ. ಕೊಳ್ಳುವವರಲ್ಲಿ ಬಹಳ ಮಂದಿ ನೋಡದೆ ಬಿಡುವುದು ಇದನ್ನೇ, ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಲೈನನ್ನು ಪರೀಕ್ಷಿಸಿ

ಮನೆಗೆ ಬರುವ ಇಂಟರ್ನೆಟ್ಟು ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಜಿಪಾನ್ ಫೈಬರ್. ಬಿಎಸ್‌ಎನ್‌ಎಲ್ ಎಫ್‌ಟಿಟಿಎಚ್, ಏರ್‌ಟೆಲ್, ಜಿಯೋ ಫೈಬರ್ ಎಲ್ಲ ಈ ಜಾತಿಗೆ ಸೇರಿದವು. ಇದರಲ್ಲಿ ಎಕ್ಸ್‌ಚೇಂಜಿನ ಓಎಲ್‌ಟಿ ಎಂಬ ಯಂತ್ರದಿಂದ 1490 ನ್ಯಾನೊಮೀಟರ್ ಅಲೆಯುದ್ದದ ಬೆಳಕು ಹೊರಟು, ಕಂಬದ ಮೇಲಿನ ಸ್ಪ್ಲಿಟರ್‌ನಲ್ಲಿ 32 ಅಥವಾ 64 ಕವಲಾಗಿ ಮನೆಮನೆಗೆ ಬರುತ್ತದೆ. ನಿಮ್ಮ ಓಎನ್‌ಟಿ 1310ರಲ್ಲಿ ಉತ್ತರ ಕಳಿಸುತ್ತದೆ. ಸ್ಪ್ಲಿಟರ್ ಅಂದರೆ ಬರೀ ಗಾಜು, ಅದಕ್ಕೆ ಕರೆಂಟ್ ಬೇಡ. ಹಾಗಾಗಿ ಓಎಲ್‌ಟಿಗೆ ಬ್ಯಾಟರಿ ಇದ್ದು, ನಿಮ್ಮ ಓಎನ್‌ಟಿಗೂ ಬ್ಯಾಟರಿ ಇದ್ದರೆ ನಡುವಿನ ಹತ್ತು ಊರಿನಲ್ಲಿ ಕತ್ತಲಾಗಿದ್ದರೂ ನೆಟ್ ನಿಲ್ಲುವುದಿಲ್ಲ.

ಎರಡನೆಯದು, ಸ್ಥಳೀಯ ಕೇಬಲ್‌ನವರು ಕಟ್ಟಡದಿಂದ ಕಟ್ಟಡಕ್ಕೆ ಲ್ಯಾನ್ ವೈರು ಎಳೆದು, ನಡುನಡುವೆ ಸ್ವಿಚ್ಚು (ಒಂದು ಲೈನನ್ನು ಹಲವು ಮನೆಗೆ ಹಂಚುವ ಯಂತ್ರ), ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ಲ್ಯಾನ್ ವೈರಿಗೆ ಹೊಂದಿಸುವ ಡಬ್ಬಿ) ಇಟ್ಟು ಕೊಡುವ ಸಂಪರ್ಕ. ಇದರಲ್ಲಿ ಪ್ರತಿ ಸ್ವಿಚ್ಚಿಗೂ ಕರೆಂಟ್ ಬೇಕು. ಆ ಸ್ವಿಚ್ಚು ಯಾರದೋ ಮನೆಯ ತಾರಸಿಯ ಮೆಟ್ಟಿಲ ಕೆಳಗೆ ಅವರ ಮೀಟರಿನಿಂದಲೇ ಓಡುತ್ತಿರುತ್ತದೆ. ಬಡಾವಣೆಗೇ ಕರೆಂಟ್ ಹೋದರೆ ಸ್ವಿಚ್ಚೂ ಹೋಯಿತು. ಮನೆಯೊಳಗೆ ರೂಟರ್‌ನ ದೀಪ ಉರಿಯುತ್ತದೆ, ವೈಫೈ ಪೂರ್ತಿ ಗೆರೆ ತೋರಿಸುತ್ತದೆ, ನೆಟ್ ಮಾತ್ರ ಇಲ್ಲ. ಇಂಥ ಸಂಪರ್ಕ ಇರುವವರು ಮೊದಲು ಮಾತಾಡಬೇಕಾದದ್ದು ಕೇಬಲ್‌ನವರ ಜೊತೆ. ದಾರಿಯ ಎಲ್ಲ ಸ್ವಿಚ್ಚಿಗೂ ಬ್ಯಾಕಪ್ ಇದೆಯೇ ಎಂದು ಕೇಳಿ. ಇಲ್ಲ ಎಂದರೆ ಮಿನಿ ಯುಪಿಎಸ್ ತರಬೇಡಿ, ಸಂಪರ್ಕವನ್ನೇ ಬದಲಿಸುವ ಯೋಚನೆ ಮಾಡಿ.

ಜಿಪಾನ್ ಇದ್ದ ಮಾತ್ರಕ್ಕೆ ಗೆದ್ದಂತಲ್ಲ. ಬಿಎಸ್‌ಎನ್‌ಎಲ್‌ನಲ್ಲಿ ಮನೆಗೆ ಫೈಬರ್ ಎಳೆದು ನೋಡಿಕೊಳ್ಳುವವರು ಬಹಳ ಕಡೆ ಸ್ಥಳೀಯ ಪಾಲುದಾರರು. ಓಎಲ್‌ಟಿ ಎಕ್ಸ್‌ಚೇಂಜಿನಲ್ಲಿದ್ದರೆ ಅಲ್ಲಿನ 48 ವೋಲ್ಟ್ ಬ್ಯಾಟರಿ ಸಾಲು ಅದನ್ನು ಕಾಪಾಡುತ್ತದೆ. ಪಾಲುದಾರರ ಅಂಗಡಿಯ ಕೋಣೆಯಲ್ಲಿದ್ದರೆ ಅದು ಅವರ ಇನ್ವರ್ಟರಿನ ಮೇಲೆ ನಿಂತಿರುತ್ತದೆ, ಆ ಇನ್ವರ್ಟರು ಎರಡು ಗಂಟೆಗೆ ಮುಗಿಯುವಂಥದ್ದಾದರೆ ನಿಮ್ಮ ನೆಟ್ಟೂ ಎರಡೇ ಗಂಟೆ.

ಪರೀಕ್ಷೆ ಸುಲಭ, ಖರ್ಚಿಲ್ಲ. ಊರಿಗೆಲ್ಲ ಕರೆಂಟ್ ಇಲ್ಲದಾಗ ಓಎನ್‌ಟಿಯನ್ನು ಹೇಗಾದರೂ ಹೊತ್ತಿಸಿ. ಮನೆಯಲ್ಲಿ ಇನ್ವರ್ಟರ್ ಲೈನಿದ್ದರೆ ಅದರಿಂದ, ಇಲ್ಲವೇ ಯಾರದಾದರೂ ಕಂಪ್ಯೂಟರ್ ಯುಪಿಎಸ್ ಒಂದು ದಿನಕ್ಕೆ ತಂದು. ಮೂರು ನಿಮಿಷ ಕಾಯಿರಿ. ಪಾನ್ (PON) ಎಂಬ ದೀಪ ಮಿಣುಕದೆ ಹಸಿರಾಗಿ ನಿಂತರೆ ಓಎಲ್‌ಟಿ ಬದುಕಿದೆ. ಲಾಸ್ (LOS) ಎಂಬ ದೀಪ ಕೆಂಪಗೆ ಹೊಡೆದುಕೊಳ್ಳುತ್ತಿದ್ದರೆ ಆ ಕಡೆಯಿಂದ ಬೆಳಕೇ ಬರುತ್ತಿಲ್ಲ ಎಂದರ್ಥ. ಪಾನ್ ನಿಂತು, ಇಂಟರ್ನೆಟ್ ದೀಪ ಮಾತ್ರ ಬಾರದಿದ್ದರೆ ಓಎಲ್‌ಟಿಯಿಂದ ಮೇಲಿನ ಕೊಂಡಿ ಬಿದ್ದಿದೆ. ಈ ಪರೀಕ್ಷೆಯನ್ನು ಕರೆಂಟ್ ಹೋದ ತಕ್ಷಣ ಒಂದು ಸಲ, ಮೂರು ಗಂಟೆ ಕಳೆದ ಮೇಲೆ ಇನ್ನೊಂದು ಸಲ ಮಾಡಿ. ಎರಡನೆಯದರ ಫಲವೇ ನಿಮಗೆ ಎಷ್ಟು ದೊಡ್ಡ ಡಬ್ಬಿ ಬೇಕೆಂದು ಹೇಳುತ್ತದೆ. ಎರಡು ಗಂಟೆಗೆ ಸಾಯುವ ಓಎಲ್‌ಟಿಗೆ ಎಂಟು ಗಂಟೆಯ ಬ್ಯಾಟರಿ ಕಟ್ಟಿ ಪ್ರಯೋಜನವಿಲ್ಲ.

ಅಂದಹಾಗೆ, ಮಿನಿ ಯುಪಿಎಸ್ ಹಾಕಿದ ಮೇಲೂ ಆಗಾಗ ನೆಟ್ ಕಡಿಯುತ್ತಿದ್ದರೆ ಡಬ್ಬಿಯನ್ನು ಬೈಯುವ ಮೊದಲು ಬೆಳಕಿನ ಮಟ್ಟ ನೋಡಿ. ಓಎನ್‌ಟಿಯ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್ ಎಂಬಲ್ಲಿ ಅದು ಡಿಬಿಎಂ (dBm) ಎಂಬ ಅಳತೆಯಲ್ಲಿ ಸಿಗುತ್ತದೆ. ಮೈನಸ್ 27ಕ್ಕಿಂತ ಕೆಳಗೆ ಓಎನ್‌ಟಿ ಓದಲಾರದು; ಮೈನಸ್ 25ಕ್ಕಿಂತ ಕೆಳಗಿಳಿದಿದ್ದರೇ ಲೈನ್‌ನವರನ್ನು ಕರೆಸುವುದು ಒಳ್ಳೆಯದು. ಮಳೆಗಾಲದಲ್ಲಿ ಜಾಯಿಂಟ್ ಡಬ್ಬಿಯೊಳಗೆ ನೀರು ಇಳಿದರೆ, ಅಡಿಕೆ ಮರಕ್ಕೆ ಕಟ್ಟಿದ ಕೇಬಲ್ ಎಳೆದಾಡಿ ಮಡಿಚಿಕೊಂಡರೆ ಮಟ್ಟ ಇಳಿಯುತ್ತದೆ. ಮನೆಯೊಳಗೂ ಫೈಬರನ್ನು ಮೂಲೆಯಲ್ಲಿ ಮಡಿಚಿ ಮೊಳೆ ಹೊಡೆಯಬಾರದು. ಬಾಗುವಿಕೆ ತಾಳುವ ಜಿ.657ಎ2 ಜಾತಿಯ ಫೈಬರಿಗೂ ತಿರುವಿನ ತ್ರಿಜ್ಯ 7.5 ಮಿಲಿಮೀಟರಿಗಿಂತ ಕಡಿಮೆ ಆಗಕೂಡದು.

ಡಬ್ಬಿಯ ಮೇಲಿನ ಅಂಕಿ, ಒಳಗಿನ ಲೆಕ್ಕ

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಎಂಎಎಚ್ ಅಂಕಿಯನ್ನು ನಂಬಿ ಕೊಳ್ಳಬೇಡಿ. ಅದು 3.7 ವೋಲ್ಟಿನ ಸೆಲ್ಲಿನ ಲೆಕ್ಕ. ರೂಟರ್‌ಗೆ ಬೇಕಾದದ್ದು 12 ವೋಲ್ಟ್. 10,000 ಎಂಎಎಚ್ (ಮಿಲಿಆಂಪಿಯರ್-ಅವರ್), ಅಂದರೆ 10 ಆಂಪಿಯರ್-ಅವರ್, ಎಂದು ಬರೆದಿದ್ದರೆ ಆ 10ನ್ನು 3.7ರಿಂದ ಗುಣಿಸಿದಾಗ 37 ವ್ಯಾಟ್-ಅವರ್ ಆಯಿತು. 12 ವೋಲ್ಟಿನಲ್ಲಿ ಹೇಳುವುದಾದರೆ ಬರೀ 3,000 ಎಂಎಎಚ್ ಚಿಲ್ಲರೆ. ಹೋಲಿಸುವುದಾದರೆ ವ್ಯಾಟ್-ಅವರ್‌ನಲ್ಲಿ ಮಾತ್ರ ಹೋಲಿಸಿ.

ಒಳಗಿರುವುದು ಬಹುತೇಕ 18650 ಎಂಬ ಸಿಲಿಂಡರ್ ಸೆಲ್ಲು, ಒಂದೊಂದು 2,000ದಿಂದ 2,600 ಎಂಎಎಚ್. 2,200ರದ್ದೆಂದು ಹಿಡಿದರೆ ಎರಡು ಸೆಲ್ಲಿಗೆ 16.3 ವ್ಯಾಟ್-ಅವರ್, ಮೂರಕ್ಕೆ 24.4, ನಾಲ್ಕಕ್ಕೆ 32.6. ವೋಲ್ಟೇಜ್ ಏರಿಸುವಾಗ ಶೇಕಡಾ 15ರಷ್ಟು ಶಾಖವಾಗಿ ಹೋಗುತ್ತದೆ ಎಂದಿಟ್ಟುಕೊಳ್ಳಿ. ಎರಡು ಬ್ಯಾಂಡಿನ ವೈಫೈ ಇರುವ ಓಎನ್‌ಟಿ ಸುಮಾರು 8 ವ್ಯಾಟ್ ಎಳೆಯುತ್ತದೆ ಎಂದಾದರೆ, ಎರಡು ಸೆಲ್ಲಿನ ಡಬ್ಬಿ ಒಂದೂಮುಕ್ಕಾಲು ಗಂಟೆ, ಮೂರರದ್ದು ಎರಡೂವರೆ ಗಂಟೆ ದಾಟಿ, ನಾಲ್ಕರದ್ದು ಮೂರೂವರೆ ಗಂಟೆಯ ಹತ್ತಿರ. ಜಾಹೀರಾತಿನ ‘4 ಗಂಟೆ ಬ್ಯಾಕಪ್’ ಸುಳ್ಳಲ್ಲ. ಮೂರು ಸೆಲ್ಲಿನ ಡಬ್ಬಿಗೆ ಅದು 5 ವ್ಯಾಟಿನ ಸಣ್ಣ ರೂಟರ್ ಕಟ್ಟಿದಾಗ ಬರುವ ಅಂಕಿ. ನಿಮ್ಮ ಓಎನ್‌ಟಿ ಎಷ್ಟು ಎಳೆಯುತ್ತದೆ ಎಂಬುದು ಅಡಾಪ್ಟರ್ ಮೇಲೆ ಬರೆದಿರುವುದಿಲ್ಲ. 12 ವೋಲ್ಟ್ 1.5 ಆಂಪಿಯರ್ ಎಂಬುದು ಅಡಾಪ್ಟರ್ ಕೊಡಬಲ್ಲ ಗರಿಷ್ಠ. ನಿಜವಾಗಿ ಎಳೆಯುವುದು ಸಾಮಾನ್ಯವಾಗಿ ಅದರ ಅರ್ಧದ ಆಸುಪಾಸು.

ಎಳೆಯುವುದನ್ನು ಕಡಿಮೆ ಮಾಡಲೂ ದಾರಿಯಿದೆ. ಕೆಂಪುಕಲ್ಲಿನ ಅಥವಾ ಮಣ್ಣಿನ ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ 5 ಗಿಗಾಹರ್ಟ್ಸ್ ವೈಫೈ ಪಕ್ಕದ ಕೋಣೆಗೇ ಸರಿಯಾಗಿ ಹೋಗುವುದಿಲ್ಲ. ಅಂಥಲ್ಲಿ ಅದನ್ನು ಸೆಟ್ಟಿಂಗ್‌ನಲ್ಲಿ ಆರಿಸಿಬಿಡಿ, ಬ್ಯಾಟರಿ ಸ್ವಲ್ಪ ಉಳಿಯುತ್ತದೆ. ಓಎನ್‌ಟಿಯ ಯುಎಸ್‌ಬಿ ತೂತಿಗೆ ಪೆನ್‌ಡ್ರೈವ್ ಚುಚ್ಚಿದ್ದರೆ ತೆಗೆಯಿರಿ. ಅದರಿಂದ ಫೋನ್ ಚಾರ್ಜ್ ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಒಳ್ಳೆಯ ಡಬ್ಬಿ ಯಾವುದು

ಗಂಟೆಗಿಂತ ಮುಖ್ಯವಾದದ್ದು ಹೊರಬರುವ ವೋಲ್ಟೇಜಿನ ಗುಣ. ಅಗ್ಗದ ಕೆಲವು ಡಬ್ಬಿಗಳಲ್ಲಿ ಮೂರು ಸೆಲ್ಲನ್ನು ಸಾಲಾಗಿ ಜೋಡಿಸಿ ನೇರ ರೂಟರ್‌ಗೆ ಕೊಟ್ಟಿರುತ್ತಾರೆ. ತುಂಬಿದಾಗ 12.6 ವೋಲ್ಟ್, ಖಾಲಿಯಾಗುತ್ತ ಬಂದಂತೆ 11, 10, 9. ಎಲ್ಲೋ ಹತ್ತರ ಹತ್ತಿರ ಓಎನ್‌ಟಿಗೆ ಸಾಲದೆ ಬಂದು ಅದು ಆರುತ್ತದೆ. ಭಾರ ಇಳಿದ ಕೂಡಲೇ ಸೆಲ್ಲಿನ ವೋಲ್ಟೇಜ್ ಮೇಲೇಳುತ್ತದೆ, ಓಎನ್‌ಟಿ ಮತ್ತೆ ಹೊತ್ತುತ್ತದೆ, ಮತ್ತೆ ಆರುತ್ತದೆ. ಹೀಗೆ ಆರಿ ಹೊತ್ತುವುದರಿಂದ ಸೆಟ್ಟಿಂಗ್ ಕೆಟ್ಟು ಫ್ಯಾಕ್ಟರಿ ಸ್ಥಿತಿಗೆ ಹೋಗುವ ಓಎನ್‌ಟಿಗಳೂ ಇವೆ. ಆಮೇಲೆ ಲೈನ್‌ನವರು ಬಂದು ಯೂಸರ್‌ನೇಮ್ ಪಾಸ್‌ವರ್ಡ್ ಹೊಸದಾಗಿ ಹಾಕುವ ತನಕ ನೆಟ್ ಇಲ್ಲ. ಒಳ್ಳೆಯ ಡಬ್ಬಿಯಲ್ಲಿ ಸೆಲ್ಲಿನ ಮುಂದೆ ಬೂಸ್ಟ್ ಸರ್ಕ್ಯೂಟ್ ಇರುತ್ತದೆ. ಸೆಲ್ಲು ಎಷ್ಟೇ ಇಳಿದಿರಲಿ, ಹೊರಗೆ 12 ವೋಲ್ಟೇ ಬರುತ್ತದೆ, ಕೊನೆಗೆ ಒಂದೇ ಸಲ ನಿಲ್ಲುತ್ತದೆ. ಮಲ್ಟಿಮೀಟರ್ ಇದ್ದವರು ಅಡಾಪ್ಟರ್ ಕಿತ್ತು, ರೂಟರ್ ಓಡುತ್ತಿರುವಾಗಲೇ ಅರ್ಧ ಗಂಟೆಗೊಮ್ಮೆ ಅಳೆದು ನೋಡಬಹುದು. 11.5ಕ್ಕಿಂತ ಕೆಳಗೆ ಜಾರುತ್ತಿದ್ದರೆ ಅದು ನೇರ ಸೆಲ್ಲಿನ ಡಬ್ಬಿ, ವಾಪಸ್ ಕಳಿಸಿ.

ಇನ್ನೊಂದು, ಕರೆಂಟ್ ಹೋದ ಗಳಿಗೆಯಲ್ಲಿ ಬಿಡುವು ಬೀಳುತ್ತದೆಯೇ ಎಂಬುದು. ಒಳ್ಳೆಯದರಲ್ಲಿ ಬೀಳುವುದಿಲ್ಲ. ಕೆಟ್ಟದರಲ್ಲಿ ಒಂದು ಕ್ಷಣ ವೋಲ್ಟೇಜ್ ಕುಸಿಯುತ್ತದೆ, ಓಎನ್‌ಟಿ ರೀಸ್ಟಾರ್ಟ್ ಆಗುತ್ತದೆ. ಯಾವುದಕ್ಕೆಂದು ಡಬ್ಬಿ ತಂದೆವೋ ಅದೇ ಕೆಲಸ ಅಲ್ಲಿಗೆ ಕೆಟ್ಟಿತು.

5, 9, 12 ವೋಲ್ಟಿನ ತೂತುಗಳೆಲ್ಲ ಒಂದೇ ಕಡೆ ಇರುವ ಬಿಳಿ ಡಬ್ಬಿಯ ಬಗ್ಗೆ ಎಚ್ಚರ ಹೇಳಲೇಬೇಕು. ಅದರಲ್ಲಿ 9 ಮತ್ತು 12 ವೋಲ್ಟಿನ ತೂತುಗಳು ಅಕ್ಕಪಕ್ಕ ಇರುತ್ತವೆ, ಅಳತೆಯೂ ಒಂದೇ. 9 ವೋಲ್ಟಿನ ರೂಟರ್ ಪಿನ್ನನ್ನು ಕತ್ತಲಲ್ಲಿ 12ಕ್ಕೆ ಚುಚ್ಚಿದರೆ ರೂಟರ್ ಸುಡಬಹುದು. ಬೇಡದ ತೂತಿಗೆ ಇನ್ಸುಲೇಷನ್ ಟೇಪ್ ಅಂಟಿಸಿಬಿಡಿ. ಅದರಲ್ಲೇ ಪಿಓಇ (ಲ್ಯಾನ್ ವೈರಿನಲ್ಲೇ ಕರೆಂಟ್ ಕಳಿಸುವ ಏರ್ಪಾಡು) ಎಂದು ಲ್ಯಾನ್ ತೂತಿನಂಥದ್ದೊಂದು ಇರುತ್ತದೆ, 15 ಅಥವಾ 24 ವೋಲ್ಟ್ ಕೊಡುವಂಥದ್ದು. ಅದು ಕ್ಯಾಮೆರಾಕ್ಕೆ, ಆಂಟೆನಾಕ್ಕೆ. ಎದುರಿನ ಸಾಧನ ಕೇಳಲಿ ಬಿಡಲಿ ಆ ತಂತಿಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಲ್ಯಾಪ್‌ಟಾಪಿನ ಲ್ಯಾನ್ ವೈರನ್ನು ಅದಕ್ಕೆ ಚುಚ್ಚಬೇಡಿ.

ಸೆಲ್ಲಿನ ಸುರಕ್ಷೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ನೋಡಿ. ಲಿಥಿಯಂ ಸೆಲ್ಲಿಗೆ ಐಎಸ್ 16046 ಮಾನದಂಡ, ಜೊತೆಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಗೆ ಕೊಟ್ಟದ್ದೆಂದು ಗೊತ್ತಾಗುತ್ತದೆ. ಹಗಲೂ ರಾತ್ರಿ ಮನೆಯೊಳಗೆ ಚಾರ್ಜಿಗೆ ನಿಂತಿರುವ ವಸ್ತುವಿದು. ಇನ್ನೂರು ರೂಪಾಯಿ ಉಳಿಸಲು ಗುರುತಿಲ್ಲದ ಸೆಲ್ಲು ತರುವುದು ತರವಲ್ಲ.

ಅಡಾಪ್ಟರ್ ಮತ್ತು ಪಿನ್ನು

ಹೆಚ್ಚಿನ ದೂರುಗಳ ಮೂಲ ಡಬ್ಬಿಯಲ್ಲ, ಅಡಾಪ್ಟರ್. ರೂಟರ್ ಜೊತೆ ಬಂದ 12 ವೋಲ್ಟ್ 1 ಆಂಪಿಯರಿನ ಅಡಾಪ್ಟರು ರೂಟರ್ ಒಂದನ್ನೇ ಓಡಿಸಲು ಮಾಡಿದ್ದು. ನಡುವೆ ಮಿನಿ ಯುಪಿಎಸ್ ಬಂದ ಮೇಲೆ ಅದು ರೂಟರ್‌ಗೂ ಕೊಡಬೇಕು, ಖಾಲಿಯಾದ ಸೆಲ್ಲನ್ನೂ ತುಂಬಬೇಕು. ರೂಟರ್‌ಗೆ 0.7, ಚಾರ್ಜಿಂಗಿಗೆ 1, ಒಟ್ಟು 1.7 ಆಂಪಿಯರ್ ಬೇಕಾದಾಗ 1 ಆಂಪಿಯರಿನದು ಬಿಸಿಯಾಗಿ ವೋಲ್ಟೇಜ್ ಇಳಿಸುತ್ತದೆ. ಕರೆಂಟ್ ಬಂದ ಮೇಲೆ ರೂಟರ್ ರೀಸ್ಟಾರ್ಟ್ ಆಗುತ್ತಿದೆ ಎಂಬ ವಿಚಿತ್ರ ದೂರಿನ ಕಾರಣ ಇದೇ. ಕೆಲವು ತಿಂಗಳಲ್ಲಿ ಅಡಾಪ್ಟರ್ ಸಾಯುತ್ತದೆ. ಡಬ್ಬಿ ಎಷ್ಟು ಆಂಪಿಯರಿನ ಅಡಾಪ್ಟರ್ ಕೇಳುತ್ತದೆ ಎಂದು ಅದರ ಹಾಳೆಯಲ್ಲಿ ನೋಡಿ, ಬೇಕಿದ್ದರೆ 12 ವೋಲ್ಟ್ 2 ಆಂಪಿಯರಿನದು ಬೇರೆ ತನ್ನಿ. ವೋಲ್ಟ್ ಅಷ್ಟಕ್ಕಷ್ಟೇ ಇರಬೇಕು, ಆಂಪಿಯರ್ ಜಾಸ್ತಿಯಿದ್ದರೆ ತೊಂದರೆಯಿಲ್ಲ.

ಪಿನ್ನಿನ ಹೊರ ಅಳತೆ ಸಾಮಾನ್ಯವಾಗಿ 5.5 ಮಿಲಿಮೀಟರ್, ಒಳತೂತು 2.1 ಅಥವಾ 2.5. ರೂಟರ್‌ನ ಒಳಗಡ್ಡಿ 2.5 ಇದ್ದು ಪಿನ್ನಿನ ತೂತು 2.1 ಆದರೆ ಒಳಗೇ ಹೋಗದು. ಅದಾದರೂ ವಾಸಿ, ಕೂಡಲೇ ತಿಳಿಯುತ್ತದೆ. ಕಡ್ಡಿ 2.1 ಇದ್ದು ತೂತು 2.5 ಆದರೆ ಹೋಗುತ್ತದೆ, ಆದರೆ ಸಡಿಲ. ಟೇಬಲ್ ಅಲ್ಲಾಡಿದರೆ ರೂಟರ್ ಆರುತ್ತದೆ. ಎರಡು ಅಳತೆಯ ಪರಿವರ್ತಕ ಪಿನ್ನುಗಳು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತವೆ. ನಡುವಿನದು ಪ್ಲಸ್, ಹೊರಗಿನದು ಮೈನಸ್ ಎಂಬುದನ್ನು ರೂಟರ್ ಅಡಿಯ ಚಿತ್ರದಲ್ಲಿ ಒಮ್ಮೆ ಖಾತ್ರಿ ಮಾಡಿಕೊಳ್ಳಿ.

ಓಎನ್‌ಟಿ ಬೇರೆ, ವೈಫೈ ರೂಟರ್ ಬೇರೆ ಇರುವ ಮನೆಯಲ್ಲಿ ಎರಡಕ್ಕೂ ಬ್ಯಾಕಪ್ ಬೇಕು. ವೈ ಆಕಾರದ ಕವಲು ವೈರು ಹಾಕಬಹುದು, ಎರಡೂ 12 ವೋಲ್ಟಿನವಾಗಿದ್ದು ಒಟ್ಟು ಆಂಪಿಯರ್ ಡಬ್ಬಿಯ ಮಿತಿಯೊಳಗೆ ಇದ್ದರೆ ಮಾತ್ರ. ಸಮಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಲೆಕ್ಕದಲ್ಲಿರಲಿ.

ಮನೆಯಲ್ಲಿ ಇನ್ವರ್ಟರ್ ಇದ್ದರೆ?

150 ಆಂಪಿಯರ್-ಅವರಿನ ಟ್ಯೂಬ್ಯುಲರ್ ಬ್ಯಾಟರಿಯ ಇನ್ವರ್ಟರ್ ಇರುವವರು ಇದೆಲ್ಲ ನಮಗೇಕೆ ಎನ್ನಬಹುದು. ಆ ಮಾತು ಸರಿಯೋ ತಪ್ಪೋ ಎನ್ನುವುದು ನಿಮ್ಮ ಊರಿನ ವೋಲ್ಟೇಜ್ ಮೇಲೆ ನಿಂತಿದೆ.

ಬಹುತೇಕ ಇನ್ವರ್ಟರುಗಳ ಹಿಂಭಾಗದಲ್ಲೋ ಮುಂಭಾಗದಲ್ಲೋ ಯುಪಿಎಸ್, ಇಕೋ ಎಂಬ ಎರಡು ಮೋಡ್‌ಗಳ ಸ್ವಿಚ್ಚಿದೆ. ಯುಪಿಎಸ್ ಮೋಡಿನಲ್ಲಿ ಬ್ಯಾಟರಿಗೆ ಹೊರಳಲು ಸುಮಾರು 10 ಮಿಲಿಸೆಕೆಂಡು ಸಾಕು, ಓಎನ್‌ಟಿಗೆ ಗೊತ್ತೂ ಆಗುವುದಿಲ್ಲ. ಇಕೋ ಮೋಡಿನಲ್ಲಿ ಅದರ ಕೆಲವು ಪಟ್ಟು ಹೊತ್ತು ಹಿಡಿಯುತ್ತದೆ, ಕೆಲವು ಓಎನ್‌ಟಿ ತಾಳುತ್ತವೆ, ಕೆಲವು ರೀಸ್ಟಾರ್ಟ್ ಆಗುತ್ತವೆ. ಹಾಗಾದರೆ ಯುಪಿಎಸ್ ಮೋಡಿಗೆ ಹಾಕಿದರಾಯಿತಲ್ಲ? ಪೇಟೆಯಲ್ಲಿ ಆಯಿತು. ಹಳ್ಳಿಯಲ್ಲಿ ಆಗುವುದಿಲ್ಲ. ಯುಪಿಎಸ್ ಮೋಡು ಸುಮಾರು 180ರಿಂದ 260 ವೋಲ್ಟಿನ ಒಳಗಿನ ಕರೆಂಟನ್ನು ಮಾತ್ರ ಒಪ್ಪುತ್ತದೆ. ತೋಟದ ಪಂಪ್‌ಸೆಟ್ಟುಗಳು ಶುರುವಾದಾಗ ಟಿಸಿಯಿಂದ (ಟ್ರಾನ್ಸ್ಫಾರ್ಮರ್) ದೂರದ ಮನೆಗೆ 160 ವೋಲ್ಟ್ ಬರುವುದು ಸಾಮಾನ್ಯ. ಆಗ ಕರೆಂಟ್ ಇದ್ದರೂ ಇನ್ವರ್ಟರು ಬ್ಯಾಟರಿಗೆ ಹೊರಳುತ್ತದೆ. ಹಗಲಿಡೀ ಹೀಗೆ ಬ್ಯಾಟರಿ ಇಳಿದು, ಸಂಜೆ ನಿಜಕ್ಕೂ ಕರೆಂಟ್ ಹೋದಾಗ ಖಾಲಿ ಇರುತ್ತದೆ. ಇಕೋ ಮೋಡು 100 ವೋಲ್ಟಿನ ತನಕ ತಾಳಿಕೊಳ್ಳುತ್ತದೆ. ಆದ್ದರಿಂದ ವೋಲ್ಟೇಜ್ ಕಡಿಮೆಯಿರುವ ಕಡೆ ಇನ್ವರ್ಟರನ್ನು ಇಕೋದಲ್ಲೇ ಬಿಟ್ಟು, ರೂಟರ್‌ಗೆ ಎರಡು ಸೆಲ್ಲಿನ ಅಗ್ಗದ ಒಳ್ಳೆಯ ಮಿನಿ ಯುಪಿಎಸ್ ಹಾಕುವುದೇ ಸರಿಯಾದ ಜೋಡಿ. ಹೊರಳುವ ಆ ಕ್ಷಣವನ್ನು ಡಬ್ಬಿ ನೋಡಿಕೊಳ್ಳುತ್ತದೆ, ಗಂಟೆಗಟ್ಟಲೆಯ ಭಾರವನ್ನು ಇನ್ವರ್ಟರು ಹೊರುತ್ತದೆ.

ಇನ್ವರ್ಟರ್ ಬ್ಯಾಟರಿಯಿಂದ ನೇರ ಎರಡು ವೈರು ಎಳೆದು ರೂಟರ್‌ಗೆ ಕೊಡುವ ಎಲೆಕ್ಟ್ರಿಷಿಯನ್ನರೂ ಇದ್ದಾರೆ. ಅದು ಬೇಡ. ಚಾರ್ಜ್ ಆಗುವಾಗ ಆ ಬ್ಯಾಟರಿ 14.4 ವೋಲ್ಟ್ ಮುಟ್ಟುತ್ತದೆ, ಇಳಿದಾಗ 10.5. ನಡುವೆ, ಹೆಚ್ಚಿದ್ದರೆ ಇಳಿಸಿ ಕಡಿಮೆಯಿದ್ದರೆ ಏರಿಸಿ 12 ವೋಲ್ಟನ್ನೇ ಕೊಡುವ ಬಕ್-ಬೂಸ್ಟ್ ಕನ್ವರ್ಟರ್ ಇರಬೇಕು, ಬ್ಯಾಟರಿಯ ಪ್ಲಸ್ ಬುಡದಲ್ಲೇ 2 ಆಂಪಿಯರಿನ ಫ್ಯೂಸ್ ಇರಬೇಕು. ಫ್ಯೂಸ್ ಇಲ್ಲದ ಸಣ್ಣ ವೈರು ಶಾರ್ಟ್ ಆದರೆ ಬ್ಯಾಟರಿ ಅದನ್ನು ಕೆಂಡ ಮಾಡುತ್ತದೆ.

ಕಂಪ್ಯೂಟರಿನ 600 ವಿಎ ಯುಪಿಎಸ್ ರೂಟರ್‌ಗೆ ಹೊಂದುವುದಿಲ್ಲ. ಅದರೊಳಗೆ 12 ವೋಲ್ಟ್ 7 ಆಂಪಿಯರ್-ಅವರಿನ ಬ್ಯಾಟರಿ ಇದೆ ನಿಜ, ಲೆಕ್ಕಕ್ಕೆ 84 ವ್ಯಾಟ್-ಅವರ್. ಆದರೆ ಅದನ್ನು 230 ವೋಲ್ಟಿಗೆ ಏರಿಸಿ, ಅಡಾಪ್ಟರ್ ಮತ್ತೆ 12ಕ್ಕೆ ಇಳಿಸುವಾಗ ಯುಪಿಎಸ್ ತಾನೇ ತಿನ್ನುವ ಕರೆಂಟು ರೂಟರ್‌ನ ಪಾಲಿಗಿಂತ ಹೆಚ್ಚು. ಎರಡು ಮೂರು ಗಂಟೆಗೆ ಮುಗಿಯುತ್ತದೆ, ಉದ್ದಕ್ಕೂ ಬೀಪ್ ಬೀಪ್ ಬೇರೆ. ಪವರ್ ಬ್ಯಾಂಕಿಗೆ ಚುಚ್ಚುವ 5ರಿಂದ 12 ವೋಲ್ಟಿನ ಕೇಬಲ್ಲು ಪರೀಕ್ಷೆಗೆ, ತುರ್ತಿಗೆ ಚೆನ್ನ. 5 ವೋಲ್ಟಿನ 2 ಆಂಪಿಯರ್ ಎಂದರೆ ಒಟ್ಟು 10 ವ್ಯಾಟ್, ಅದರಲ್ಲಿ ಕಳೆದುಹೋಗುವುದು ಕಳೆದು 12 ವೋಲ್ಟಿನಲ್ಲಿ ಮುಕ್ಕಾಲು ಆಂಪಿಯರೂ ಸಿಗದು. ಸಣ್ಣ ಓಎನ್‌ಟಿ ಓಡುತ್ತದೆ, ದೊಡ್ಡದು ವೈಫೈ ಎಬ್ಬಿಸುವಾಗ ಬೀಳುತ್ತದೆ.

ಸಿಡಿಲಿನ ದಿನಗಳು

ಯಾವ ಜಾಹೀರಾತಿನಲ್ಲೂ ಕಾಣದ, ಆದರೆ ಮಲೆನಾಡು ಕರಾವಳಿಯವರಿಗೆ ಎಲ್ಲಕ್ಕಿಂತ ಬೆಲೆಬಾಳುವ ಉಪಯೋಗ ಇಲ್ಲಿದೆ. ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ, ಗುಡುಗು ಕೇಳಿದ ಕೂಡಲೇ ಮೋಡೆಮ್ ಪಿನ್ ಕೀಳುವುದು ಮನೆಮನೆಯ ಪದ್ಧತಿ. ಕೆಲಸ ಅಲ್ಲಿಗೆ ನಿಲ್ಲುತ್ತದೆ. ಮಿನಿ ಯುಪಿಎಸ್ ಇದ್ದರೆ ಗೋಡೆಯ ಸಾಕೆಟ್ಟಿನಿಂದ ಅಡಾಪ್ಟರನ್ನು ಕಿತ್ತು, ಬ್ಯಾಟರಿಯ ಮೇಲೆ ಕೆಲಸ ಮುಂದುವರಿಸಬಹುದು. ಫೈಬರ್ ಗಾಜು, ಕರೆಂಟ್ ಒಯ್ಯದು. ಕರೆಂಟ್ ಲೈನಿಗೂ ಓಎನ್‌ಟಿಗೂ ತಂತಿಯ ಸಂಬಂಧವೇ ಉಳಿಯುವುದಿಲ್ಲ.

ಇದು ಕೆಲಸ ಮಾಡಬೇಕಾದರೆ ಮೂರು ಕಡೆ ಗಮನ ಬೇಕು. ಸ್ವಿಚ್ ಆರಿಸಿದರೆ ಸಾಲದು, ಅದು ಒಂದು ವೈರನ್ನು ಮಾತ್ರ ಕಡಿಯುತ್ತದೆ, ಆ ಸಣ್ಣ ಅಂತರವನ್ನು ಸಿಡಿಲು ಹಾರುತ್ತದೆ, ಪ್ಲಗ್ಗನ್ನೇ ಕೀಳಬೇಕು. ಎರಡನೆಯದಾಗಿ, ಓಎನ್‌ಟಿಯಿಂದ ಡೆಸ್ಕ್‌ಟಾಪಿಗೋ ಟಿವಿಗೋ ಲ್ಯಾನ್ ವೈರು ಹೋಗಿದ್ದು ಅವು ಕರೆಂಟಿಗೆ ಸೇರಿದ್ದರೆ ಸಿಡಿಲು ಅಲ್ಲಿಂದ ಬರುತ್ತದೆ. ಲ್ಯಾನ್ ವೈರನ್ನೂ ಕಿತ್ತು ವೈಫೈಗೆ ಬನ್ನಿ, ಲ್ಯಾಪ್‌ಟಾಪನ್ನೂ ಚಾರ್ಜರಿನಿಂದ ಬಿಡಿಸಿ. ಮೂರನೆಯದು ಕಂಬದಿಂದ ಬರುವ ಕೇಬಲ್ಲು. ಅದಕ್ಕೆ ಜೋತುಬೀಳುವ ಭಾರ ಹೊರಲು ಉಕ್ಕಿನ ತಂತಿ ಅಂಟಿಕೊಂಡಿರುತ್ತದೆ. ಆ ತಂತಿಯನ್ನು ಹೊರಗೋಡೆಯ ಕೊಕ್ಕೆಯಲ್ಲೇ ಕಟ್ಟಿ ಕತ್ತರಿಸಬೇಕು, ತೆಳು ಕೇಬಲ್ ಮಾತ್ರ ಒಳಗೆ ಬರಬೇಕು. ಅವಸರದ ಕೆಲಸಗಾರರು ತಂತಿ ಸಮೇತ ಓಎನ್‌ಟಿಯ ತನಕ ಎಳೆದಿರುತ್ತಾರೆ, ನೋಡಿ ಸರಿ ಮಾಡಿಸಿ. ಹೊಸ ಸಂಪರ್ಕ ಪಡೆಯುವವರು ಒಳಗಿನ ಎಳೆಗಳು ಉಕ್ಕಿನವಲ್ಲದೆ, ಕರೆಂಟ್ ಒಯ್ಯದ ನಾರು-ಪ್ಲಾಸ್ಟಿಕ್ ಆದ ಎಫ್‌ಆರ್‌ಪಿಯವು ಇರುವ ಕೇಬಲ್ಲನ್ನೇ ಕೇಳಿ.

ಅಡಾಪ್ಟರ್ ಸಾಕೆಟ್ಟಿನಲ್ಲೇ ಇದ್ದರೆ ಮಿನಿ ಯುಪಿಎಸ್ ಸಿಡಿಲನ್ನು ತಡೆಯುವುದಿಲ್ಲ. ಇಷ್ಟನ್ನು ಮನೆಯ ಎಲ್ಲರಿಗೂ ಹೇಳಿಡಿ.

ಇಡೀ ದಿನ ಕರೆಂಟಿಲ್ಲದಾಗ

ಮೆಸ್ಕಾಂ, ಹೆಸ್ಕಾಂಗಳು ಲೈನ್ ಕಾಮಗಾರಿಗೆಂದು ಬೆಳಿಗ್ಗೆ ಹತ್ತರಿಂದ ಸಂಜೆಯ ತನಕ ನಿಲುಗಡೆ ಘೋಷಿಸುವ ದಿನ ಮೂರು ಸೆಲ್ಲಿನ ಡಬ್ಬಿ ಮಧ್ಯಾಹ್ನದ ಊಟಕ್ಕೇ ಮುಗಿಯುತ್ತದೆ. ಇಂಥ ದಿನಗಳು ಹೆಚ್ಚಿದ್ದರೆ 12.8 ವೋಲ್ಟ್ 6 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕು ಸೂಕ್ತ. 76.8 ವ್ಯಾಟ್-ಅವರ್, 8 ವ್ಯಾಟಿನ ಓಎನ್‌ಟಿಗೆ ಎಂಟು ಗಂಟೆ. ಆದರೆ ಅದು ತುಂಬಿದಾಗ 14.6 ವೋಲ್ಟ್ ತನಕ ಹೋಗುವುದರಿಂದ ಅದಕ್ಕೂ ಬಕ್-ಬೂಸ್ಟ್ ಕನ್ವರ್ಟರ್ ಬೇಕು, ಚಾರ್ಜರು ಅದೇ ಜಾತಿಯ ಬ್ಯಾಟರಿಗೆ ಮಾಡಿದ್ದಾಗಿರಬೇಕು. ಜೋಡಿಸಲು ಬಾರದವರು ಗೊತ್ತಿದ್ದವರಿಂದ ಮಾಡಿಸಿ.

ಗಂಟೆಗೊಮ್ಮೆ ಬಂದು ಹೋಗುವ ಕರೆಂಟು ಇನ್ನೂ ಕಷ್ಟದ್ದು. ಖಾಲಿಯಾದ ಡಬ್ಬಿ ತುಂಬಲು ಮೂರು ನಾಲ್ಕು ಗಂಟೆ ಬೇಕು. ಒಂದು ಗಂಟೆ ಬಂದು ಎರಡು ಗಂಟೆ ಹೋಗುವ ದಿನ ಮಧ್ಯಾಹ್ನಕ್ಕೇ ಅದು ಸೋಲುತ್ತದೆ. ಮೀಟಿಂಗ್ ಇಲ್ಲದ ಹೊತ್ತಿನಲ್ಲಿ ಡಬ್ಬಿಯನ್ನು ಆರಿಸಿಟ್ಟು ಉಳಿಸಿಕೊಳ್ಳಿ.

ಜೂನ್-ಜುಲೈಯ ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕತ್ತಲಾದಾಗ ಓಎಲ್‌ಟಿಯೂ ಉಳಿಯುವುದಿಲ್ಲ. ಆಗಿನ ಆಸರೆ ಮೊಬೈಲು. ಫೈಬರ್ ಯಾವ ಕಂಪನಿಯದೋ ಅದಲ್ಲದ ಬೇರೆ ಕಂಪನಿಯ ಸಿಮ್ ಇರಲಿ. ಜೂಮ್‌ನಲ್ಲಿ ಎಚ್‌ಡಿ ವಿಡಿಯೊಗೆ ಹೋಗಿ ಬರಲು 1.2 ಎಂಬಿಪಿಎಸ್‌ನಂತೆ ಬೇಕು, ಗಂಟೆಗೆ ಸುಮಾರು 1 ಜಿಬಿ ಖರ್ಚು. ಧ್ವನಿ ಮಾತ್ರವಾದರೆ 80 ಕೆಬಿಪಿಎಸ್ ಸಾಕು, ಗಂಟೆಗೆ 70 ಎಂಬಿ ಚಿಲ್ಲರೆ. ಟವರ್‌ನಲ್ಲಿ ನೂಕುನುಗ್ಗಲಿದ್ದಾಗ ಕ್ಯಾಮೆರಾ ಆರಿಸಿದರೆ ಮಾತಾದರೂ ದಾಟುತ್ತದೆ.

ಎಲ್ಲಿಡಬೇಕು, ಎಷ್ಟು ಬಾಳುತ್ತದೆ

ರೂಟರ್ ಮೇಲೆ ಡಬ್ಬಿ, ಡಬ್ಬಿಯ ಮೇಲೆ ರೂಟರ್ ಇಡಬೇಡಿ. ಒಂದರ ಬಿಸಿ ಇನ್ನೊಂದಕ್ಕೆ ಏರುತ್ತದೆ, ಲಿಥಿಯಂ ಸೆಲ್ಲಿಗೆ ಬಿಸಿಯಲ್ಲಿ ತುಂಬಿ ನಿಂತಿರುವುದಕ್ಕಿಂತ ಕೆಟ್ಟದ್ದಿಲ್ಲ. ಶೀಟಿನ ಮಾಡಿನ ಅಡಿ, ಅಟ್ಟದ ಮೇಲೆ, ಮುಚ್ಚಿದ ಮರದ ಪೆಟ್ಟಿಗೆಯೊಳಗೆ ಬೇಡ. ಗೋಡೆಗೆ ಎರಡು ಮೊಳೆ ಹೊಡೆದು, ಸುತ್ತ ಗಾಳಿಯಾಡುವಂತೆ ತೂಗುಹಾಕಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಇರುವೆಗಳು ಓಎನ್‌ಟಿಯೊಳಗೂ ಡಬ್ಬಿಯೊಳಗೂ ಮೊಟ್ಟೆ ಸಮೇತ ಸೇರುತ್ತವೆ. ಗಾಳಿತೂತಿಗೆ ತೆಳು ನೈಲಾನ್ ಜಾಲರಿ ಅಂಟಿಸುವುದು ಪುಡಿ ಹಾಕುವುದಕ್ಕಿಂತ ಒಳ್ಳೆಯದು. ತೇವಕ್ಕೆ ಪಿನ್ನಿನ ಮೇಲೆ ಹಸಿರು ಕಿಲುಬು ಕಟ್ಟಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ.

ಸೆಲ್ಲುಗಳು 300ರಿಂದ 500 ಸಲ ಪೂರ್ತಿ ತುಂಬಿ ಖಾಲಿಯಾಗುವಷ್ಟು ಬಾಳುತ್ತವೆ. ದಿನಾ ಕರೆಂಟ್ ಹೋಗುವ ಊರಿನಲ್ಲಿ ಎರಡು ವರ್ಷದ ಹೊತ್ತಿಗೆ ಬ್ಯಾಕಪ್ ಎದ್ದುಕಾಣುವಷ್ಟು ಇಳಿದಿರುತ್ತದೆ. ಸ್ಕ್ರೂ ಇರುವ ಡಬ್ಬಿಯಾದರೆ ರಿಪೇರಿಯವರು ಸೆಲ್ಲು ಬದಲಿಸಿಕೊಡುತ್ತಾರೆ, ಅಂಟಿಸಿ ಮುಚ್ಚಿದ್ದಾದರೆ ಹೊಸದೇ ಗತಿ. ಕೊಳ್ಳುವಾಗಲೇ ತಿರುಗಿಸಿ ಅಡಿ ನೋಡುವುದು ಇದಕ್ಕೆ. ಬದಲಿಸುವುದಾದರೆ ಎಲ್ಲ ಸೆಲ್ಲನ್ನೂ ಒಟ್ಟಿಗೆ, ಒಂದೇ ಮಾದರಿಯದನ್ನೇ ಹಾಕಿಸಿ. ಹಳತು ಹೊಸತು ಬೆರೆಸಿದರೆ ದುರ್ಬಲ ಸೆಲ್ಲು ಅತಿಯಾಗಿ ಇಳಿದು ಅಪಾಯ ತರುತ್ತದೆ. ಸತ್ತ ಸೆಲ್ಲನ್ನು ಕಸಕ್ಕೂ ಒಲೆಗೂ ಹಾಕದೆ, ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಆನ್‌ಲೈನ್‌ನಲ್ಲಿ ತರಿಸಿದ್ದಾದರೆ ವಾಪಸ್ ಕಳಿಸುವ ಅವಧಿ ಮುಗಿಯುವ ಮೊದಲೇ ಪರೀಕ್ಷೆ ಮುಗಿಸಿ. ಒಂದು ರಾತ್ರಿ ಪೂರ್ತಿ ಚಾರ್ಜ್ ಮಾಡಿ. ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ನೆಟ್ ಇದೆಯೇ ಎಂದು ಮತ್ತೆಮತ್ತೆ ಕೇಳಿ ಉತ್ತರ ತೋರಿಸುವ ಪಿಂಗ್ ಕಮಾಂಡನ್ನು ನಿಲ್ಲದಂತೆ ಓಡಲು ಬಿಟ್ಟು ಅಡಾಪ್ಟರನ್ನು ಹತ್ತು ಸಲ ಕಿತ್ತು ಚುಚ್ಚಿ. ಒಂದು ಉತ್ತರವೂ ತಪ್ಪಬಾರದು. ಆಮೇಲೆ ಪೂರ್ತಿ ಕಿತ್ತಿಟ್ಟು, ಓಎನ್‌ಟಿ ಆರುವ ತನಕ ಎಷ್ಟು ಹೊತ್ತೆಂದು ಗಡಿಯಾರ ನೋಡಿ ಬರೆದಿಡಿ. ಮೇಲಿನ ಲೆಕ್ಕದಿಂದ ಬಂದ ಸಮಯದ ಮುಕ್ಕಾಲು ಪಾಲೂ ಸಿಗದಿದ್ದರೆ ಒಳಗಿನ ಸೆಲ್ಲು ಹೇಳಿದಷ್ಟಿಲ್ಲ, ವಾಪಸ್ ಕಳಿಸಿ. ಸಿಕ್ಕಿತೆಂದಾದರೆ ಆ ದಿನಾಂಕವನ್ನೂ ಸಮಯವನ್ನೂ ಡಬ್ಬಿಯ ಮೇಲೆ ಒಂದು ಚೀಟಿಯಲ್ಲಿ ಅಂಟಿಸಿ, ಆರು ತಿಂಗಳಿಗೊಮ್ಮೆ ಇದೇ ಪರೀಕ್ಷೆ ಮಾಡಿ. ಸಮಯ ಅರ್ಧಕ್ಕೆ ಇಳಿದ ದಿನ ಸೆಲ್ಲು ಬದಲಿಸಬೇಕು.